ಎಡಗಡೆಯವಳಿಗೆ ತಿಳಿನೇರಳೆ

ನಾನು ಬರೆದ ಹೆಂಗಸರು ಯಾರೂ ಒಮ್ಮೆಯೂ ಕೆಮ್ಮಿದವರಲ್ಲ. ಇಪ್ಪತ್ತು ವರ್ಷ ‘ನೀಲಿ ಬೀಸಣಿಗೆ’ ಪತ್ರಿಕೆಗೆ ವಾರಕ್ಕೊಂದರಂತೆ ಉಡುಪಿನ ಚಿತ್ರ ಬರೆದೆ. ಪ್ರತಿ ಚಿತ್ರದಲ್ಲೂ ಇಬ್ಬರು. ಒಬ್ಬಳು ಎದುರುಮುಖ, ಇನ್ನೊಬ್ಬಳು ಅರ್ಧ ಬೆನ್ನು ತಿರುಗಿಸಿ. ಬೆನ್ನಿನ ಹೊಲಿಗೆ ಕಾಣಿಸದಿದ್ದರೆ ಊರೂರಿನ ಹೊಲಿಗೆಯವರು ಪತ್ರ ಬರೆದು ಬೈಯುತ್ತಿದ್ದರು. ಇಬ್ಬರಿಗೂ ಇಪ್ಪತ್ತರ ವಯಸ್ಸು, ಹಿಡಿಯಷ್ಟು ಸೊಂಟ, ಬೆಕ್ಕಿನದಷ್ಟು ಪಾದ. ಒಂದೇ ಕೋಣೆಯಲ್ಲಿ ನಿಂತಿದ್ದರೂ ಒಬ್ಬರನ್ನೊಬ್ಬರು ನೋಡುವುದಿಲ್ಲ, ಬಾಯಿ ತೆರೆಯುವುದಿಲ್ಲ. ಕೈಯಲ್ಲಿ ಹೂವೋ ಪತ್ರವೋ ಇರಬಹುದು. ಸೌಟು ಹಿಡಿದವಳನ್ನು ನಾನು ಬರೆದದ್ದಿಲ್ಲ. ಹೀಗೆ ಪ್ಯಾರಿಸ್ಸಿನ ರೇಷ್ಮೆಯನ್ನೆಲ್ಲ ಅವರಿಗೆ ಉಡಿಸುತ್ತ ಕೂತ ನಾನು ತೊಡುತ್ತಿದ್ದದ್ದು ಒಂದೇ ಕಂದು ಉಣ್ಣೆಯ ಗೌನು, ಮೊಣಕೈಗೆ ಎರಡು ಸಲ ತೇಪೆ ಹಾಕಿದ್ದು. ಮದುವೆಯಾಗದ ನಲವತ್ತೊಂದರ ಹೆಂಗಸಿಗೆ ಅದೇ ಸರಿಯೆಂದು ಎಲ್ಲರೂ ಅಂದುಕೊಂಡಿದ್ದರು. ನಾನೂ ಅಂದುಕೊಂಡಿದ್ದೆ.

ಆ ವರ್ಷ, ಅಂದರೆ 1861ರಲ್ಲಿ, ಈಸ್ಟರ್ ಹಬ್ಬಕ್ಕೆ ರೈಲು ಹತ್ತಿ ಷಾರ್ತ್ರಕ್ಕೆ ಹೋದೆ. ನನ್ನ ತಂಗಿ ಲಿಯೋನಿಯನ್ನು ಅಲ್ಲಿಗೆ ಕೊಟ್ಟಿತ್ತು. ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಅಮ್ಮ ಹೋದ ಮೇಲೆ ಅವಳ ಜಡೆ ಹೆಣೆದವಳು, ಅವಳಿಗೆ ಪಿಯಾನೋ ಪಾಠ ಹೇಳಿಸಿದವಳು ನಾನೇ. ಅವಳ ಗಂಡ ಗಸ್ಪಾರ್ ಜ್ವರ ಬಂದು ತೀರಿಕೊಂಡು ಎರಡು ವರ್ಷ ದಾಟಿತ್ತು. ಅವಳೀಗ ಅತ್ತೆಯ ಜೊತೆ, ದೊಡ್ಡ ಇಗರ್ಜಿಯ ಎದುರಿನ ಮೇಣದಬತ್ತಿ ಅಂಗಡಿಯ ಮೇಲಿನ ಮನೆಯಲ್ಲಿದ್ದಳು.

ಬಾಗಿಲು ತೆಗೆದವಳನ್ನು ಕಂಡು ಒಂದು ಕ್ಷಣ ಗುರುತೇ ಹತ್ತಲಿಲ್ಲ. ಕತ್ತಿನಿಂದ ಕಾಲಿನವರೆಗೆ ಕಪ್ಪು ಉಣ್ಣೆ, ಅದರ ಮೇಲೆ ಶೋಕಕ್ಕೆ ತೊಡುವ ಕಪ್ಪು ಕ್ರೇಪು ಬಟ್ಟೆ, ತಲೆಗೆ ಕಪ್ಪು ಟೋಪಿ. ಆ ಬಟ್ಟೆಗೆ ಹೊಳಪಿಲ್ಲ. ಬೆಳಕು ಬಿದ್ದರೂ ನುಂಗಿಕೊಂಡುಬಿಡುತ್ತದೆ. ರಾತ್ರಿಯಂಗಿಗೆ ಬದಲಾಯಿಸುವಾಗ ನೋಡಿದೆ, ಬೆವರಿಗೆ ಬಣ್ಣ ಬಿಟ್ಟು ಅವಳ ಕುತ್ತಿಗೆ, ಕಂಕುಳು, ಮಣಿಕಟ್ಟುಗಳೆಲ್ಲ ಮಸಿಯಾಗಿದ್ದವು.

“ಸೋಪಿಗೆ ಹೋಗಲ್ಲ ಅಕ್ಕ. ನಿಂಬೆಹಣ್ಣು ಹಾಕಿ ಉಜ್ಜಿದ್ರೂ ಹೋಗಲ್ಲ,” ಎಂದಳು. “ನನ್ನ ತೋಳು ಮೊದಲು ಯಾವ ಬಣ್ಣ ಇತ್ತು ಅಂತ ನಿನಗಾದ್ರೂ ನೆನಪಿದೆಯಾ?”

ಮಾತು ತಮಾಷೆಯದೇ. ಅವಳು ಹೀಗೆ ತಮಾಷೆ ಮಾಡುವುದು ಅಳು ಬಂದಾಗ ಎಂಬುದು ನನಗೆ ಗೊತ್ತಿತ್ತು.

ಆಮೇಲೆ ವಿಷಯ ಹೇಳಿದಳು. ಊರಿನ ಹೆಣ್ಣುಮಕ್ಕಳ ಶಾಲೆಯ ಮುಖ್ಯಸ್ಥೆ, ಕುಮಾರಿ ಗಾರ್ನಿಯೆ ಎಂಬುವವರು, ಅಕ್ಟೋಬರ್ ಒಂದರಿಂದ ಪಿಯಾನೋ ಕಲಿಸಲು ಬಾ ಎಂದು ಕರೆದಿದ್ದಾರೆ. ಒಂದೇ ಷರತ್ತು, ಕ್ರೇಪು ಬಿಟ್ಟು ಬರಬೇಕು. ಕಪ್ಪು ಮುಸುಕಿನವಳನ್ನು ದಿನವೂ ಕಂಡರೆ ಸಣ್ಣ ಮಕ್ಕಳು ಹೆದರುತ್ತವೆ ಎಂಬುದು ಅವರ ಮಾತು. ಎರಡು ವರ್ಷ ಆಗಿದೆಯಲ್ಲ, ಶೋಕದ ಲೆಕ್ಕ ಮುಗಿದಿದೆಯಲ್ಲ, ಬಿಟ್ಟರಾಯಿತು ಎಂದೆ. ಅಷ್ಟೇ ಸಾಲದು ಎಂದಳು ಅವಳು. ಅತ್ತೆ ಒಪ್ಪಬೇಕು. ಮದಾಮ್ ಪೆಲ್ತಿಯೆ ಒಪ್ಪದೆ ಅವರ ಸೊಸೆ ಬಣ್ಣ ಉಟ್ಟಳೆಂದರೆ ಷಾರ್ತ್ರದ ಯಾವ ತಾಯಿಯೂ ಮಗಳನ್ನು ಅವಳ ಪಕ್ಕದಲ್ಲಿ ಕೂರಿಸಲಾರಳು. ಶಾಲೆಯವರೇ ಎರಡು ದಿನದಲ್ಲಿ ಬೇಡವೆನ್ನುತ್ತಾರೆ.

ಮದಾಮ್ ಪೆಲ್ತಿಯೆ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಲಿಯೋನಿ ಕೆಮ್ಮಿದರೆ ಎದ್ದು ಬಂದು ಜೇನು ಬೆರೆಸಿದ ಹಾಲು ಕೊಡುತ್ತಿದ್ದರು. ತಟ್ಟೆಯಲ್ಲಿ ಮಾಂಸದ ಒಳ್ಳೆಯ ತುಂಡು ಯಾವಾಗಲೂ ಸೊಸೆಯ ಕಡೆಗೇ ಇರುತ್ತಿತ್ತು. ಆದರೆ ಗಂಡ ಸತ್ತ ಇಪ್ಪತ್ತೆರಡು ವರ್ಷಗಳಿಂದ ಅವರು ಕಪ್ಪು ಬಿಟ್ಟವರಲ್ಲ. ಈಗ ಒಬ್ಬನೇ ಮಗನೂ ಹೋಗಿದ್ದ. ಆ ಮನೆಯಲ್ಲಿ ಬೆಳ್ಳಗಿದ್ದದ್ದು ಮೇಣದಬತ್ತಿಗಳು ಮಾತ್ರ.

ಇನ್ನೊಂದು ಸಂಗತಿ. ಮದಾಮ್ ಪೆಲ್ತಿಯೆ ‘ನೀಲಿ ಬೀಸಣಿಗೆ’ಗೆ ಚಂದಾದಾರರು. ಕಪ್ಪು ಬಿಟ್ಟು ಬೇರೇನೂ ಉಡದ ಹೆಂಗಸು ಉಡುಪಿನ ಪತ್ರಿಕೆಯನ್ನು ಪ್ರಾರ್ಥನೆಯ ಪುಸ್ತಕದಷ್ಟೇ ಶ್ರದ್ಧೆಯಿಂದ ಓದುತ್ತಿದ್ದರು. ಶೋಕದ ನಿಯಮ ಸರಿಯಾಗಿ ತಿಳಿದಿರಲಿ ಎಂದು ತರಿಸುತ್ತೇನೆ ಎನ್ನುತ್ತಿದ್ದರು. ನನ್ನ ಚಿತ್ರಗಳೆಲ್ಲ ವರ್ಷವಾರು ಪೆಟ್ಟಿಗೆಯಲ್ಲಿದ್ದವು. ಬೀದಿಯಲ್ಲಿ ಯಾರ ಕೊರಳಪಟ್ಟಿ ಎಷ್ಟು ಅಗಲ ಇರಬೇಕು ಎಂಬ ವಾದ ಎದ್ದರೆ ಇವರ ಪೆಟ್ಟಿಗೆ ತೆಗೆದು ತೀರ್ಮಾನ ಮಾಡುತ್ತಿದ್ದರಂತೆ. ಆ ಚಿತ್ರ ಬರೆಯುವವಳು ಎದುರಿಗೇ ಕೂತು ಅವರ ಸೂಪು ಕುಡಿಯುತ್ತಿದ್ದಾಳೆ ಎಂಬುದರಿಂದ ಅವರ ಭಕ್ತಿಗೆ ಏನೂ ಕುಂದು ಬರಲಿಲ್ಲ. ಪಾದ್ರಿಗಳು ಸೀನಿದರೆ ಪ್ರಾರ್ಥನೆ ಸುಳ್ಳಾಗುವುದೇ?

ಊಟದ ಹೊತ್ತಿಗೆ ನಾನೇ ಮಾತು ತೆಗೆದೆ. ಪ್ಯಾರಿಸ್ಸಿನಲ್ಲಿ ಎರಡು ವರ್ಷ ಕಳೆದ ಮೇಲೆ ಬೂದುಬಣ್ಣ, ತಿಳಿನೇರಳೆ ಎಲ್ಲ ಉಡುತ್ತಾರೆ ಎಂದೆ.

“ಪ್ಯಾರಿಸ್‌ನಲ್ಲಿ ಏನೇನೋ ಮಾಡ್ತಾರೆ, ಸಿಡೊನಿ,” ಎಂದರು ಮದಾಮ್ ಪೆಲ್ತಿಯೆ, ಬ್ರೆಡ್ಡು ಮುರಿಯುತ್ತ. “ಅತ್ತೆ ಮನೇಲಿರೋ ವಿಧವೆ ಬಣ್ಣ ಹಾಕ್ಕೊಂಡಿದ್ದನ್ನ ನಾನು ಪತ್ರಿಕೇಲಿ ನೋಡಿಲ್ಲ. ಬರ್ಲಿ, ಆಗ ನೋಡೋಣ.”

ಲಿಯೋನಿ ತಲೆ ತಗ್ಗಿಸಿದಳು. ನಾನು ಮಾತ್ರ ಆ ಮಾತನ್ನು ಕಿಸೆಗೆ ಹಾಕಿಕೊಂಡು ರೈಲು ಹತ್ತಿದೆ.

ಶೋಕದ ಉಡುಪಿನ ಚಿತ್ರಗಳು ಬರುವುದು ಸೆಪ್ಟೆಂಬರಿನಲ್ಲಿ. ನವೆಂಬರಿನ ಸತ್ತವರ ಹಬ್ಬಕ್ಕೆ ಮೊದಲು ಹೊಲಿಸಲು ಸಮಯ ಬೇಕಲ್ಲ. ಬೇಸಿಗೆಯಲ್ಲೇ ನಾನು ಕರಡು ಮಾಡಿ ಸಂಪಾದಕ ರೊಬ್ಲೇಂ ಅವರ ಮುಂದಿಟ್ಟೆ. ಕುರ್ಚಿಯಲ್ಲಿ ಕೂತ ವಯಸ್ಸಾದ ಹೆಂಗಸು, ಕಪ್ಪಿನಲ್ಲಿ. ಅವಳ ಪಕ್ಕ ನಿಂತ ಯುವತಿ, ತಿಳಿನೇರಳೆಯಲ್ಲಿ. ಅತ್ತೆ ಸೊಸೆ ಎಂದು ಯಾರಿಗಾದರೂ ತಿಳಿಯಬೇಕು, ಹಾಗೆ. ಕೆಳಗೆ ಹಾಕಬೇಕಾದ ಸಾಲನ್ನೂ ನಾನೇ ಬರೆದಿದ್ದೆ: ‘ಹೊಸ ಶೋಕಕ್ಕೆ ಕಪ್ಪು, ಎರಡು ವರ್ಷ ದಾಟಿದ ಶೋಕಕ್ಕೆ ತಿಳಿನೇರಳೆ.’

ರೊಬ್ಲೇಂ ಕನ್ನಡಕ ಹಣೆಗೇರಿಸಿದರು. ಮುದುಕಿಯೇಕೆ, ಎಂದು ಕೇಳಿದರು. ಪತ್ರಿಕೆ ಶುರುವಾದಾಗಿನಿಂದ ಇಪ್ಪತ್ತೈದು ದಾಟಿದ ಹೆಂಗಸು ಅದರಲ್ಲಿ ಕಾಣಿಸಿಕೊಂಡಿಲ್ಲ. ನಮ್ಮ ಚಂದಾದಾರರಲ್ಲಿ ಅರ್ಧದಷ್ಟು ಜನ ಅಜ್ಜಿಯರು ಎಂದೆ. ಅಜ್ಜಿಯರಿಗೂ ತಮ್ಮನ್ನು ನೋಡಿಕೊಳ್ಳಲು ಇಷ್ಟವಿಲ್ಲ, ಎಂದರು ಅವರು. ಕೊನೆಗೆ ಶೋಕದ ಬಟ್ಟೆ ಮಾರುವ ದೊಡ್ಡ ಮಳಿಗೆಯವರು ಕೂತ ಹೆಂಗಸಿನ ಗೌನೂ ಒಂದಿದ್ದರೆ ನಮಗೂ ಒಳ್ಳೆಯದು ಎಂದಿದ್ದರಿಂದ ಒಪ್ಪಿದರು.

ಆ ಮುದುಕಿಯನ್ನು ಬರೆಯುವಾಗ ನನಗೆ ಅಪರೂಪದ ಸುಖವಾಯಿತು. ಅವಳ ಕೈಗೆ ಗಂಟುಗಳಿದ್ದವು, ಗಲ್ಲದ ಕೆಳಗೆ ಮಡಿಕೆ ಇತ್ತು. ಒಂದು ಹೆಬ್ಬೆರಳಿನಿಂದ ಇನ್ನೊಂದನ್ನು ಒತ್ತಿಕೊಂಡು ಕೂತಿದ್ದಳು, ಯಾರೋ ಮಾತು ಮುಗಿಸಲೆಂದು ಕಾಯುವವರ ಹಾಗೆ. ಯಾರನ್ನು ನೋಡಿ ಬರೆಯುತ್ತಿದ್ದೇನೆಂದು ನಾನು ಯೋಚಿಸಲಿಲ್ಲ. ಇಪ್ಪತ್ತು ವರ್ಷ ಗೊಂಬೆ ಬರೆದ ಕೈ ಒಂದು ಮುಖ ಸಿಕ್ಕಿದ ಕೂಡಲೇ ಓಡುತ್ತಿತ್ತು.

ಮುಂದಿನದು ನನ್ನ ತಪ್ಪು, ಪೂರ್ತಿ ನನ್ನದೇ.

ಚಿತ್ರ ಕೊರೆಯುವವರು ಅದನ್ನು ಉಕ್ಕಿನ ಫಲಕಕ್ಕೆ ಇಳಿಸುತ್ತಾರೆ. ಅಲ್ಲಿಂದ ಅಚ್ಚು ಬಿದ್ದಾಗ, ಕನ್ನಡಿಯಲ್ಲಿ ಆಗುವ ಹಾಗೆ, ಎಡಗಡೆ ಇದ್ದದ್ದು ಬಲಕ್ಕೆ ಬರುತ್ತದೆ. ಕಪ್ಪು ಬಿಳುಪಿನ ಆ ಹಾಳೆಗಳು ಸೇಂ ಜಾಕ್ ಬೀದಿಯ ಬಣ್ಣದ ಮನೆಗೆ ಹೋಗುತ್ತವೆ. ಉದ್ದ ಮೇಜಿನ ಸುತ್ತ ಹನ್ನೆರಡು ಹೆಂಗಸರು, ಒಬ್ಬೊಬ್ಬರ ಮುಂದೆ ಒಂದೇ ಬಣ್ಣದ ಬಟ್ಟಲು. ಒಬ್ಬಳು ಕೆನ್ನೆಗೆ ಮಾತ್ರ ಬಣ್ಣ ಹಚ್ಚುತ್ತಾಳೆ, ಇನ್ನೊಬ್ಬಳು ಎಲೆಗಳಿಗೆ ಮಾತ್ರ, ಮತ್ತೊಬ್ಬಳು ರಿಬ್ಬನ್ನಿಗೆ. ಹಾಳೆ ಕೈಯಿಂದ ಕೈಗೆ ಸರಿಯುತ್ತ ಸುತ್ತು ಬರುತ್ತದೆ. ಮಾದರಿಗೆಂದು ಮೊದಲನೆಯ ಹಾಳೆಗೆ ನಾನೇ ಬಣ್ಣ ಹಚ್ಚಿ ಕಳಿಸುವುದು ವಾಡಿಕೆ. ಆ ವಾರ ಮಾತ್ರ ಕುದಿಯುವ ಹಾಲು ಚೆಲ್ಲಿ ಬಲಗೈ ಸುಟ್ಟಿತ್ತು. ಕುಂಚ ಹಿಡಿಯಲಾಗದೆ, ನನ್ನ ಮೂಲಚಿತ್ರವನ್ನು ಮುಂದಿಟ್ಟುಕೊಂಡು, ಎಡಗೈಯಲ್ಲಿ ಒಂದು ಚೀಟಿ ಗೀಚಿ ಕಳಿಸಿದೆ: ‘ಎಡಗಡೆಯವಳಿಗೆ ತಿಳಿನೇರಳೆ, ಬಲಗಡೆಯವಳಿಗೆ ಕಪ್ಪು.’

ಶುಕ್ರವಾರ ಬೆಳಿಗ್ಗೆ ನನ್ನ ಪ್ರತಿ ಬಂತು. ಕಾಫಿಯ ಬಟ್ಟಲು ಪಕ್ಕಕ್ಕಿಟ್ಟು ಬಿಡಿಸಿದೆ. ಕುರ್ಚಿಯಲ್ಲಿ ಮುದುಕಿ ತಿಳಿನೇರಳೆ ತೊಟ್ಟು ಕೂತಿದ್ದಳು. ಅವಳ ಪಕ್ಕದಲ್ಲಿ ಯುವತಿ ಅಡಿಯಿಂದ ಮುಡಿಯವರೆಗೆ ಕಪ್ಪು.

ಸೇಂ ಜಾಕ್ ಬೀದಿಗೆ ಓಡಿದೆ. ಬಣ್ಣದ ಮನೆಯ ಯಜಮಾನಿ ಮದಾಮ್ ಬ್ರೊಷಾರ್ ನನ್ನ ಚೀಟಿಯನ್ನೇ ತಂದು ತೋರಿಸಿದರು. ಅಚ್ಚಾದ ಹಾಳೆಯಲ್ಲಿ ಎಡಗಡೆ ಇದ್ದವಳು ಮುದುಕಿ. ಮೂರು ಸಾವಿರ ಹಾಳೆ ಹಿಂದಿನ ದಿನವೇ ಅಂಚೆಗೆ ಹೋಗಿದ್ದವು. ಮುದುಕಿಗೆ ಬಣ್ಣ ಎಂದಾಗ ನಿಮಗೆ ಅನುಮಾನ ಬರಲಿಲ್ಲವೇ ಎಂದು ಕೇಳಿದೆ.

“ಬಂತು,” ಎಂದರು ಅವರು. “ಅಂತೂ ಒಬ್ಬಳು ಮುದುಕಿಗೆ ಯಾರೋ ಬಣ್ಣ ಕೊಟ್ರಲ್ಲ ಅಂತ ಹುಡುಗೀರೆಲ್ಲ ಖುಷಿಯಾಗಿ ಹಚ್ಚಿದ್ರು. ಕೇಳಕ್ಕೆ ಹೋದ್ರೆ ನೀವು ಬೇಡ ಅಂದುಬಿಟ್ರೆ?”

ನನಗೆ ನಗಲೂ ಆಗಲಿಲ್ಲ. ಷಾರ್ತ್ರದಲ್ಲಿ ಇಷ್ಟು ಹೊತ್ತಿಗೆ ಪತ್ರಿಕೆ ತಲುಪಿರುತ್ತದೆ. ಅತ್ತೆ ಕೇಳಿದ್ದ ಪುರಾವೆ ಬಂದಿದೆ, ಅದೂ ನನ್ನ ಕೈಯಿಂದಲೇ: ಸೊಸೆಗೆ ಕಪ್ಪು. ಶಾಲೆ ತೆರೆಯಲು ಹತ್ತೇ ದಿನ ಉಳಿದಿತ್ತು.

ಮರುದಿನ ಮೊದಲ ರೈಲಿಗೆ ಹೊರಟೆ. ಅಂಗಡಿಯಲ್ಲಿ ಲಿಯೋನಿ ಒಬ್ಬಳೇ ಮೇಣದಬತ್ತಿಗಳನ್ನು ಕಾಗದದಲ್ಲಿ ಸುತ್ತುತ್ತಿದ್ದಳು. ಅವಳು ನನ್ನ ಮೇಲೆ ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು.

“ಹೋಗ್ಲಿ ಬಿಡು ಅಕ್ಕ,” ಎಂದಳು. “ಕುಮಾರಿ ಗಾರ್ನಿಯೆಗೆ ಬರಲ್ಲ ಅಂತ ಬರೆದಿಟ್ಟಿದೀನಿ. ಸೋಮವಾರ ಕೊಡ್ತೀನಿ.” ಆಮೇಲೆ ದನಿ ತಗ್ಗಿಸಿ ಹೇಳಿದಳು, “ಅತ್ತೆ ನಿನ್ನೆಯಿಂದ ಮಾತಾಡ್ತಿಲ್ಲ. ಊಟಾನೂ ಸರಿಯಾಗಿ ಮಾಡಿಲ್ಲ. ನೀನು ಬಂದ್ರೆ ಮೇಲೆ ಕಳಿಸು ಅಂದ್ರು. ಒಬ್ಬಳನ್ನೇ.”

ಮೆಟ್ಟಿಲು ಹತ್ತುವಾಗ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಚೀಟಿಯ ತಪ್ಪು, ಕನ್ನಡಿಯ ತಪ್ಪು, ನಿಜವಾದ ಚಿತ್ರದಲ್ಲಿ ಬಣ್ಣ ಇರುವುದು ಸೊಸೆಗೆ. ಕಷ್ಟದ ಮಾತೇನಲ್ಲ.

ಮದಾಮ್ ಪೆಲ್ತಿಯೆ ಕಿಟಕಿಯ ಬಳಿ ಕೂತಿದ್ದರು. ಚಿತ್ರವನ್ನು ಹೂಜಿಗೆ ಒರಗಿಸಿ ಮೇಜಿನ ಮೇಲೆ ನಿಲ್ಲಿಸಿದ್ದರು. ಒಂದು ಹೆಬ್ಬೆರಳಿನಿಂದ ಇನ್ನೊಂದನ್ನು ಒತ್ತಿಕೊಂಡಿದ್ದರು. ಅದನ್ನು ನೋಡಿದ ಮೇಲೆಯೇ ನನಗೆ ಹೊಳೆದದ್ದು, ನಾನು ಯಾರನ್ನು ಬರೆದಿದ್ದೆನೆಂದು.

“ನನ್ನನ್ನ ಕೇಳ್ದೆ ನನ್ನ ಬರೆದಿದೀಯ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. “ನನ್ನ ಗಲ್ಲ ಇಷ್ಟು ಜೋಲು ಬಿದ್ದಿದೆಯಾ?”

ಸ್ವಲ್ಪ ಕಡಿಮೆಯೇ ಬರೆದಿದ್ದೇನೆ, ಎಂದೆ. ಅವರ ತುಟಿ ಒಂದು ಪಕ್ಕಕ್ಕೆ ಸರಿಯಿತು. ಎದ್ದು ಹೋಗಿ ಬೀರು ತೆಗೆದರು. ದೊಡ್ಡ ಮೇಣದಬತ್ತಿಗಳು ಬರುವ ಉದ್ದನೆಯ ಪೆಟ್ಟಿಗೆಯೊಂದನ್ನು ಎಳೆದು ಮುಚ್ಚಳ ಸರಿಸಿದರು. ಒಳಗೆ ತಿಳಿನೇರಳೆ ರೇಷ್ಮೆ, ಮಡಿಕೆ ಬಿಚ್ಚದ್ದು. ಶುಕ್ರವಾರ ಮಧ್ಯಾಹ್ನ, ಪತ್ರಿಕೆ ಬಂದ ಎರಡೇ ಗಂಟೆಗೆ, ಸೊಸೆಯನ್ನು ಯಾವುದೋ ನೆಪಕ್ಕೆ ಹೊರಗೆ ಕಳಿಸಿ ತಾವೇ ಹೋಗಿ ತಂದಿದ್ದರು. ಅಂಗಡಿಯಲ್ಲಿ ಉಡುಗೊರೆಗೆ ಎಂದು ಸುಳ್ಳು ಹೇಳಿದ್ದರಂತೆ.

“ಮುಟ್ಟಿ ನೋಡು,” ಎಂದರು. ಮುಟ್ಟಿದೆ. “ಇಪ್ಪತ್ತೆರಡು ವರ್ಷ ಆಯ್ತು, ಇಂಥದ್ದನ್ನ ನನಗೆ ಅಂತ ಮುಟ್ಟಿ.”

ರೇಷ್ಮೆಯಿಂದ ಕೈ ತೆಗೆದೆ. ಈಗ ನಾನು ನಿಜ ಹೇಳಿದರೆ ಆ ಬಟ್ಟೆ ಪೆಟ್ಟಿಗೆಗೆ ಮರಳುತ್ತದೆ. ಹೇಳದಿದ್ದರೆ ನನ್ನ ತಂಗಿ ಕೆಳಗೆ ಕಪ್ಪಿನಲ್ಲೇ ಮೇಣದಬತ್ತಿ ಸುತ್ತುತ್ತ ನಲವತ್ತಕ್ಕೆ, ಐವತ್ತಕ್ಕೆ ಬರುತ್ತಾಳೆ. ಎರಡು ಸಾವಿರ ಹೆಂಗಸರನ್ನು ಬರೆದಿದ್ದೆ. ಅವರಲ್ಲಿ ಒಬ್ಬಳಿಗೂ ಏನಾದರೂ ಬೇಕಾಗಿರಬಹುದು ಎಂದು ಎಣಿಸಿರಲಿಲ್ಲ. ಈ ಮನೆಯಲ್ಲಿ ಬೇಕು ಎನ್ನುವವಳು ಒಬ್ಬಳೇ ಎಂದು ತಿಳಿದು ಲಿಯೋನಿಯ ಪರ ವಕೀಲಿ ಹಿಡಿದಿದ್ದೆ. ವಾರವಾರವೂ ಉಡುಪಿನ ಪತ್ರಿಕೆ ಬಿಡಿಸುವ ಕಪ್ಪುಡುಗೆಯ ಹೆಂಗಸನ್ನು, ನಿಜಕ್ಕೂ ಏಕೆ ತರಿಸುತ್ತೀರಿ ಎಂದು ನಾನೂ ಕೇಳಲಿಲ್ಲ, ಯಾರೂ ಕೇಳಲಿಲ್ಲ.

ನಿಜವನ್ನೇ ಹೇಳಿದೆ. ಸುಟ್ಟ ಕೈ ತೋರಿಸಿದೆ, ಚೀಟಿಯ ಕಥೆ ಹೇಳಿದೆ, ಎಡ ಬಲವಾದದ್ದು ಹೇಳಿದೆ. ಮುದುಕಿಗೆ ಕಪ್ಪು, ಸೊಸೆಗೆ ತಿಳಿನೇರಳೆ ಎಂದೇ ನಾನು ಬರೆದದ್ದು, ಅದೂ ನಿಮ್ಮನ್ನು ಒಪ್ಪಿಸಲಿಕ್ಕೇ ಎಂಬುದನ್ನೂ ಮುಚ್ಚಿಡಲಿಲ್ಲ. ನಿಮಗೆ ಬೇಸರವಾದರೆ ಅದು ನನ್ನ ಮೇಲಿರಲಿ, ಲಿಯೋನಿಗೆ ಇದೊಂದೂ ಗೊತ್ತಿಲ್ಲ ಎಂದೆ.

ಅವರು ಚಿತ್ರವನ್ನು ಕೈಗೆತ್ತಿಕೊಂಡು ನೋಡಿದರು. ಎದುರಿನ ಗೋಪುರದಲ್ಲಿ ಹನ್ನೊಂದು ಹೊಡೆದು ನಿಂತಿತು.

“ನನ್ನ ಗಂಡನಿಗೋಸ್ಕರ ಕಪ್ಪು ಹಾಕ್ಕೊಂಡಿದ್ದು ಎರಡೇ ವರ್ಷ, ಸಿಡೊನಿ,” ಎಂದರು ಕೊನೆಗೆ. “ಉಳಿದ ಇಪ್ಪತ್ತು ವರ್ಷ ಪಕ್ಕದ್ಮನೆ ನೋಟರಿ ಹೆಂಡ್ತಿ ಬಾಯಿಗೋಸ್ಕರ.”

ನಾನು ಕುರ್ಚಿ ಎಳೆದು ಕೂತೆ.

“ಮಗನದು ಬೇರೆ. ಅದು ಒಳಗಿದೆ. ಅದಕ್ಕೆ ಹಾಕೋ ಬಟ್ಟೆ ಯಾವ ಅಂಗಡೀಲೂ ಇಲ್ಲ.” ರೇಷ್ಮೆಯ ಅಂಚನ್ನು ಬೆರಳಲ್ಲಿ ಸವರಿದರು. “ಈ ತಪ್ಪು ಪ್ಯಾರಿಸ್‌ನಲ್ಲಿ ಯಾರ್ಯಾರಿಗೆ ಗೊತ್ತು?”

ನನಗೆ, ಮದಾಮ್ ಬ್ರೊಷಾರ್‌ಗೆ ಎಂದೆ. ಸೋಮವಾರ ಸಂಪಾದಕರಿಗೆ ಹೇಳಬೇಕು, ಅವರು ತಿದ್ದುಪಡಿ ಹಾಕಬಹುದು ಎಂದೆ.

“ಹಾಕ್ಲಿ. ಷಾರ್ತ್ರದಲ್ಲಿ ತಿದ್ದುಪಡಿ ಯಾರೂ ಓದಲ್ಲ, ಚಿತ್ರ ನೋಡ್ತಾರೆ.” ಅವರು ಕೂತರು. ಗಿರಾಕಿಯ ಜೊತೆ ಚೌಕಾಸಿಗೆ ಕೂತಾಗಿನ ಮುಖ ಬಂದಿತ್ತು. “ಈಗ ಕೇಳು. ನಾನೊಬ್ಬಳೇ ಹಾಕ್ಕೊಂಡ್ರೆ ಮುದುಕಿಗೆ ತಲೆ ಕೆಟ್ಟಿದೆ ಅಂತಾರೆ. ಅವಳೊಬ್ಬಳೇ ಹಾಕ್ಕೊಂಡ್ರೆ ಗಂಡ ಸತ್ತವಳಿಗೆ ನಾಚಿಕೆ ಇಲ್ಲ ಅಂತಾರೆ. ಇಬ್ಬರೂ ಹಾಕ್ಕೊಂಡ್ರೆ?”

ಏನಂತಾರೆ ಎಂದು ಕೇಳಿದೆ.

“ಈ ವರ್ಷ ಹೀಗಂತೆ ಅಂತಾರೆ.”

ಕೆಳಗಿನಿಂದ ಲಿಯೋನಿಯನ್ನು ಕೂಗಿ ಕರೆದರು. ಅವಳು ಏದುಸಿರು ಬಿಡುತ್ತ ಬಂದಳು, ಯಾರಿಗೋ ಏನೋ ಆಯಿತೆಂದು. ಅತ್ತೆ ರೇಷ್ಮೆಯ ಒಂದು ತುದಿ ಎತ್ತಿ ಅವಳ ಹೆಗಲ ಮೇಲೆ ಹಾಕಿದರು. ದೂರ ನಿಂತು, ತಲೆ ಓರೆ ಮಾಡಿ ನೋಡಿದರು.

“ನಿನಗೆ ಸ್ವಲ್ಪ ಗಾಢ ಬೇಕು. ಇದು ನನ್ನ ಬಣ್ಣ,” ಎಂದರು. “ಮಧ್ಯಾಹ್ನ ಹೋಗಿ ಇನ್ನೊಂದು ತಂದುಕೋ. ಹೊಲಿಗೆಯವಳಿಗೆ ತಿಂಗಳ ಕೊನೆಯೊಳಗೆ ಬೇಕು ಅಂತ ಹೇಳು. ಮತ್ತೆ ಆ ಶಾಲೆಯವಳಿಗೆ ಏನೋ ಬರೆದಿಟ್ಟಿದೀಯಲ್ಲ, ಡಬ್ಬಿ ಕೆಳಗೆ, ಅದನ್ನ ಒಲೆಗೆ ಹಾಕು.”

ಲಿಯೋನಿ ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಹೆಗಲ ಮೇಲಿನ ರೇಷ್ಮೆಯನ್ನು ಮಾತ್ರ ನೋಡಲು ಧೈರ್ಯವಿಲ್ಲದವಳಂತೆ ಕೈ ಇಳಿಬಿಟ್ಟೇ ನಿಂತಿದ್ದಳು. “ಅತ್ತೆ, ನನ್ನ ಕೈ ಮಸಿ. ಕಲೆಯಾಗುತ್ತೆ,” ಎಂದಳು.

“ಆದ್ರೆ ಆಗ್ಲಿ. ಆ ತುಂಡನ್ನ ಒಳಗಡೆ ಮಡಚಿ ಹೊಲಿಯೋಣ.”

ಸೋಮವಾರ ಸಂಪಾದಕರ ಮುಂದೆ ತಲೆ ತಗ್ಗಿಸಿ ನಿಂತೆ. ರೊಬ್ಲೇಂ ನನ್ನ ತಪ್ಪೊಪ್ಪಿಗೆಯನ್ನು ಅರ್ಧಕ್ಕೇ ತಡೆದು ಪತ್ರಗಳ ಕಂತೆಯೊಂದನ್ನು ತಳ್ಳಿದರು. ಲಿಮೋಜ್‌ನಿಂದ, ರೂಆಂನಿಂದ, ಹೆಸರೂ ಕೇಳಿರದ ಹಳ್ಳಿಗಳಿಂದ. ಬರೆದವರೆಲ್ಲ ವಿಧವೆಯರು, ಎಲ್ಲರೂ ಅರವತ್ತರ ಆಚೆಯವರು. ಒಬ್ಬರು ತೋಳಿನ ಅಳತೆ ಕೇಳಿದ್ದರು. ಒಬ್ಬರು ದಪ್ಪಗಿರುವವರಿಗೂ ಈ ಬಣ್ಣ ಒಪ್ಪುತ್ತದೆಯೇ ಎಂದು ಕೇಳಿದ್ದರು. ಇನ್ನೊಬ್ಬರು ಏನನ್ನೂ ಕೇಳದೆ ವಂದನೆ ಎಂದಷ್ಟೇ ಬರೆದಿದ್ದರು. ತಿದ್ದುಪಡಿಯ ಮಾತು ಅಲ್ಲಿಗೆ ಬಿತ್ತು. ವಸಂತದ ಸಂಚಿಕೆಗೆ ಇನ್ನೊಬ್ಬಳು ಮುದುಕಿ ಬೇಕು, ಇದು ಮೊದಲಿನಿಂದಲೂ ತಮ್ಮದೇ ಯೋಚನೆ ಎಂದು ರೊಬ್ಲೇಂ ಹೇಳಿದರು. ನಾನು ಹೌದೆಂದೆ.

ಅಕ್ಟೋಬರ್ ಒಂದರಂದು ಮತ್ತೆ ಷಾರ್ತ್ರದಲ್ಲಿದ್ದೆ. ಅದಕ್ಕೆ ಎರಡು ದಿನ ಮೊದಲು, ಭಾನುವಾರದ ಪೂಜೆಗೆ, ಅತ್ತೆ ಸೊಸೆ ಇಬ್ಬರೂ ನೇರಳೆಯಲ್ಲಿ ಹೋಗಿ ಬಂದಿದ್ದರು. ನೋಟರಿಯ ಹೆಂಡತಿ ಇಗರ್ಜಿಯ ಬಾಗಿಲಲ್ಲೇ ಅಡ್ಡ ನಿಂತು, ಇದೇನು ಮದಾಮ್ ಪೆಲ್ತಿಯೆ ಎಂದು ಕೇಳಿದಳಂತೆ. ಪತ್ರಿಕೆ ನೋಡಲಿಲ್ಲವೇ, ಎಂದು ಇವರು ಕನಿಕರದಿಂದ ಕೇಳಿದರಂತೆ. ಆ ಕನಿಕರವನ್ನು ಲಿಯೋನಿ ಮೂರು ಸಲ ನಟಿಸಿ ತೋರಿಸಿದಳು. ಮೂರನೆಯ ಸಲ ಅತ್ತೆಯೇ ನಕ್ಕು ಅವಳ ಬೆನ್ನಿಗೆ ಗುದ್ದಿದರು.

ಶಾಲೆಯವರೆಗೆ ಮೂವರೂ ನಡೆದೆವು. ಲಿಯೋನಿ ಗೇಟಿನ ಒಳಗೆ ಹೋದಳು. ಅಂಗಳದಲ್ಲಿದ್ದ ಸಣ್ಣ ಹುಡುಗಿಯೊಬ್ಬಳು ಬಂದು ಅವಳ ಗೌನಿನ ಅಂಚು ಹಿಡಿದು ಏನೋ ಹೇಳಿದಳು. ಅವಳು ಬಗ್ಗಿ ಕೇಳಿದಳು. ಇಬ್ಬರೂ ಒಳಗೆ ಮರೆಯಾದರು. ನಾನು ಹೊರಡೋಣವೆಂದೆ. ಮದಾಮ್ ಪೆಲ್ತಿಯೆ ಅಲುಗಲಿಲ್ಲ. ಬೀದಿಯಲ್ಲಿ ಹೋಗಿ ಬರುವವರೆಲ್ಲ ನೋಡುತ್ತಿದ್ದರು. ಅವರು ಹಗಲ ಬೆಳಕಿನಲ್ಲಿ, ತಿಳಿನೇರಳೆಯಲ್ಲಿ, ಗೋಡೆಯ ಪಕ್ಕ ಕಿವಿಗೊಟ್ಟು ನಿಂತಿದ್ದರು.

ಸ್ವಲ್ಪ ಹೊತ್ತಿಗೆ ಮೇಲಿನ ಕಿಟಕಿಯಿಂದ ಪಿಯಾನೋ ಕೇಳಿಸಿತು. ಒಂದೇ ಬೆರಳು, ಒಂದು ಸ್ವರ, ಇನ್ನೊಂದು ಸ್ವರ, ಆಮೇಲೆ ಎರಡು ತಪ್ಪು ಸ್ವರ.

“ಇದು ಅವಳಲ್ಲ,” ಎಂದರು.

“ಅಲ್ಲ ಮದಾಮ್. ಮಕ್ಕಳು.”

“ಸಂಜೆಯೊಳಗೆ ಇವಳ ಕಿವಿ ಹೋಗುತ್ತೆ ಪಾಪ,” ಎಂದರು. ಎಂದವರು ಟೋಪಿಯ ದಾರ ಸಡಿಲಿಸಿ, ಕಿಟಕಿಗೆ ಇನ್ನೂ ಹತ್ತಿರ ಸರಿದು ನಿಂತರು.